ತಿರುಮಣಿಯ ಬಿಸಿಲು, ಬೆಂಗಳೂರಿನ ಲೆಕ್ಕ

ಬೆಂಗಳೂರು ಎಷ್ಟರ ಮಟ್ಟಿಗೆ ಹಸಿರು ನಗರವಾಗುತ್ತಿದೆ ಎಂಬ ಪ್ರಶ್ನೆಗೆ ಒಂದು ಅಧಿಕೃತ ಉತ್ತರವಿದೆ. 2023ರ ನವೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. 2050ರೊಳಗೆ ನಗರ ಇಂಗಾಲ ತಟಸ್ಥವಾಗಬೇಕು, ಅಂದರೆ ಅದು ಗಾಳಿಗೆ ಬಿಡುವ ಇಂಗಾಲವೂ ಹೀರಿಕೊಳ್ಳುವ ಇಂಗಾಲವೂ ಸರಿಸಮವಾಗಬೇಕು ಎಂಬುದು ಆ ಯೋಜನೆಯ ಗುರಿ. ಶಕ್ತಿ ಮತ್ತು ಕಟ್ಟಡ, ಸಾರಿಗೆ, ಘನತ್ಯಾಜ್ಯ, ಗಾಳಿ, ನೀರು, ನಗರ ಯೋಜನೆ ಮತ್ತು ಹಸಿರು, ವಿಪತ್ತು ನಿರ್ವಹಣೆ ಎಂದು ಏಳು ವಲಯಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಅದು ಪಟ್ಟಿ ಮಾಡಿದೆ. ಅದನ್ನು ಹೊರತಂದ ಪಾಲಿಕೆಯೇ ಇಂದು ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಅಡಿಯಲ್ಲಿ ಐದು ಪಾಲಿಕೆಗಳೂ ಬಂದವು. ಗುರಿ ಮಾತ್ರ ಉಳಿದಿದೆ. ನಮ್ಮಲ್ಲಿ ಗುರಿಗಳಿಗೆ ಆಯುಷ್ಯ ಹೆಚ್ಚು.

ನಗರದಲ್ಲಿ ಏನೂ ಆಗಿಲ್ಲ ಎಂದು ಹೇಳುವುದು ನ್ಯಾಯವಲ್ಲ. ಬಿಎಂಟಿಸಿಯಲ್ಲಿ ಈಗ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳಿವೆ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗವೂ ಓಡತೊಡಗಿತು. ದೇವನಹಳ್ಳಿಯ ವಿಮಾನ ನಿಲ್ದಾಣ ತಾನು ಬಳಸುವ ವಿದ್ಯುತ್ತೆಲ್ಲ ಸೌರ ಮತ್ತು ಗಾಳಿ ಮೂಲದ್ದು ಎಂದು ಹೇಳಿಕೊಳ್ಳುತ್ತದೆ. ಇನ್ಫೋಸಿಸ್ 2020ರಲ್ಲೇ ಇಂಗಾಲ ತಟಸ್ಥವಾಯಿತು ಎಂದು ಘೋಷಿಸಿತು. ಆದರೆ ಈ ಪಟ್ಟಿಯನ್ನು ಸ್ವಲ್ಪ ಕೆದಕಿದರೆ ನಾವು ನಗರದ ಗಡಿ ದಾಟಿಬಿಡುತ್ತೇವೆ. ಇನ್ಫೋಸಿಸ್‌ನ ಸೌರ ಸ್ಥಾವರ ಇರುವುದು ಎಲೆಕ್ಟ್ರಾನಿಕ್ ಸಿಟಿಯಿಂದ ಬಹುದೂರದ ಶಿರಾದಲ್ಲಿ. ವಿಮಾನ ನಿಲ್ದಾಣಕ್ಕೆ ಬೇಕಾದ ಹಸಿರು ವಿದ್ಯುತ್ತಿನ ಬಹುಪಾಲು ಹೊರಗಿನಿಂದ ಕೊಂಡದ್ದು. ವಿದ್ಯುತ್ ಬಸ್ಸು ನಗರದಲ್ಲಿ ಹೊಗೆ ಬಿಡುವುದಿಲ್ಲ, ನಿಜ. ಆದರೆ ಅದರ ಬ್ಯಾಟರಿ ತುಂಬುವ ವಿದ್ಯುತ್ತನ್ನು ಎಲ್ಲೋ ಒಂದು ಕಡೆ ಉತ್ಪಾದಿಸಲೇಬೇಕು. ಇಂದು ಆ 'ಎಲ್ಲೋ ಒಂದು ಕಡೆ'ಗಳಲ್ಲಿ ದೊಡ್ಡದು ಪಾವಗಡ ತಾಲ್ಲೂಕಿನ ತಿರುಮಣಿ.

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 180 ಕಿ.ಮೀ. ಪಾವಗಡ ಆಡಳಿತಕ್ಕೆ ತುಮಕೂರು ಜಿಲ್ಲೆಯದು, ಭೂಗೋಳಕ್ಕೆ ಬಹುಪಾಲು ಆಂಧ್ರದ ಮಡಿಲಲ್ಲಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಳೆ ನಂಬಿ ಕಡಲೆಕಾಯಿ ಬಿತ್ತುವ ನೆಲ, ಫ್ಲೋರೈಡ್ ಬೆರೆತ ಕೊಳವೆಬಾವಿ ನೀರು, ವರ್ಷ ಬಿಟ್ಟು ವರ್ಷ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಹೆಸರು, ದುಡಿಮೆಗೆ ಬೆಂಗಳೂರಿನ ದಾರಿ. ರಾಜಧಾನಿಯ ಪತ್ರಿಕೆಗಳಿಗೆ ಪಾವಗಡ ನೆನಪಾಗುತ್ತಿದ್ದದ್ದು ಬರ ಬಂದಾಗ, ಇಲ್ಲವೇ 2005ರಲ್ಲಿ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿದಂಥ ಸಂದರ್ಭದಲ್ಲಿ. ಹತ್ತು ವರ್ಷಗಳ ನಂತರ ಮತ್ತೆ ನೆನಪಾಯಿತು. ಈ ಸಲ ಬರವೇ ಬಂಡವಾಳವಾಗಿತ್ತು. ಮೋಡವಿಲ್ಲದ ದಿನಗಳು ಹೆಚ್ಚು, ಸಮತಟ್ಟಾದ ನೆಲ, ಬೆಳೆಯಿಂದ ಸೋತ ರೈತರು. ಸೌರ ಉದ್ಯಾನಕ್ಕೆ ಇನ್ನೇನು ಬೇಕು?

2015ರಲ್ಲಿ ರಾಜ್ಯದ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೇರಿ ಕರ್ನಾಟಕ ಸೌರವಿದ್ಯುತ್ ಅಭಿವೃದ್ಧಿ ನಿಗಮವನ್ನು ಕಟ್ಟಿದವು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುತ್ತ 13,000 ಎಕರೆ ಗುತ್ತಿಗೆಗೆ ಬಂತು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೊದಲ ಹಂತವನ್ನು ಉದ್ಘಾಟಿಸಿದರು. 2019ರ ಕೊನೆಯ ಹೊತ್ತಿಗೆ ಅದರ ಸಾಮರ್ಥ್ಯ 2,000 ಮೆಗಾವಾಟ್ ಮುಟ್ಟಿತು. ಆಗ ಅದನ್ನು ಜಗತ್ತಿನ ಅತಿದೊಡ್ಡ ಸೌರ ಉದ್ಯಾನ ಎಂದು ಬಣ್ಣಿಸಿದರು. ಆಮೇಲೆ ರಾಜಸ್ಥಾನದ ಭಡ್ಲಾ ಅದನ್ನು ಮೀರಿಸಿತು. ಬೆಂಗಳೂರಿನವರಿಗೆ ಅಳತೆ ತಿಳಿಯಬೇಕಾದರೆ ಹೀಗೆ ಹೇಳಬಹುದು: 240 ಎಕರೆಯ ಲಾಲ್‌ಬಾಗ್‌ನಂಥ ಐವತ್ತಕ್ಕೂ ಹೆಚ್ಚು ತೋಟಗಳನ್ನು ಜೋಡಿಸಿ ಅದರ ಮೇಲೆ ನೀಲಿ ಗಾಜು ಹೊದಿಸಿದಂತೆ.

ಲಾಲ್‌ಬಾಗಿನ ಹೆಸರು ಬಂದದ್ದರಿಂದ ಒಂದು ಮಾತು. ಹೈದರಾಲಿ 1760ರಲ್ಲಿ ಆ ತೋಟವನ್ನು ಹಾಕಿಸುವಾಗ ಅದಕ್ಕೆ ಮಾದರಿಯಾದದ್ದು ಶಿರಾದಲ್ಲಿದ್ದ ಮೊಗಲರ ಕಾಲದ ಉದ್ಯಾನ ಎಂದು ಚರಿತ್ರೆ ಹೇಳುತ್ತದೆ. ಮೊಗಲರ ಸುಬಾದ ಕೇಂದ್ರವಾಗಿದ್ದ ಶಿರಾ ಆ ಕಾಲಕ್ಕೆ ಬೆಂಗಳೂರಿಗಿಂತ ದೊಡ್ಡ ಹೆಸರು. ಉದ್ಯಾನ ನಗರಿ ಎಂಬ ಬಿರುದಿನ ಬೀಜ ಬಿದ್ದದ್ದು ಈ ಒಣ ಸೀಮೆಯಲ್ಲಿ. ಅದು ಇಂದು ಯಾರಿಗೂ ನೆನಪಿಲ್ಲ. ನೆನಪಿರಬೇಕೆಂಬ ಹಟವೂ ಇಲ್ಲ, ಆದರೆ ಶಿರಾ ಪಾವಗಡಗಳನ್ನು 'ಹಿಂದುಳಿದ ಪ್ರದೇಶ' ಎಂದು ಒಂದೇ ಉಸಿರಲ್ಲಿ ಹೇಳಿ ಮುಗಿಸುವವರಿಗೆ ಇಷ್ಟಾದರೂ ತಿಳಿದಿರಲಿ.

ಈಗ ಲೆಕ್ಕಕ್ಕೆ ಬರೋಣ. ತಿರುಮಣಿಯ ವಿದ್ಯುತ್ತೆಲ್ಲ ನೇರ ಬೆಂಗಳೂರಿಗೇ ಹೋಗುತ್ತದೆ ಎಂದರೆ ತಪ್ಪಾಗುತ್ತದೆ. ಅದು ಗ್ರಿಡ್ ಸೇರುತ್ತದೆ. ಗ್ರಿಡ್ ಒಂದು ಕೆರೆಯಿದ್ದಂತೆ, ಯಾವ ಹಳ್ಳದ ನೀರು ಯಾವ ತೂಬಿನಲ್ಲಿ ಹೊರಟಿತು ಎಂದು ಹೇಳಲಾಗದು. ಹೇಳಬಹುದಾದದ್ದು, ಆ ಕೆರೆಯ ಅತಿದೊಡ್ಡ ತೂಬು ಬೆಂಗಳೂರಿನ ಕಡೆ ತೆರೆದಿದೆ ಎಂಬುದು. ನಗರದ ಇಂಗಾಲದ ಲೆಕ್ಕ ಬರೆಯುವಾಗ ಬಹುತೇಕ ನಗರಗಳು ಅನುಸರಿಸುವ ಪದ್ಧತಿ ಹೀಗಿದೆ: ಗಡಿಯೊಳಗೆ ನೇರವಾಗಿ ಉರಿಸಿದ ಪೆಟ್ರೋಲು, ಡೀಸೆಲ್, ಗ್ಯಾಸು ಒಂದು ಬಾಬ್ತು, ಗ್ರಿಡ್ಡಿನಿಂದ ತಂದು ಬಳಸಿದ ವಿದ್ಯುತ್ತು ಇನ್ನೊಂದು ಬಾಬ್ತು. ಎರಡನೆಯದರಲ್ಲಿ ಪ್ರತಿ ಯೂನಿಟ್ಟಿಗೆ ಇಷ್ಟು ಇಂಗಾಲ ಎಂದು ಹಿಡಿಯುತ್ತಾರೆ. ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಕಡಿಮೆ ಉರಿದು ಪಾವಗಡದಂಥ ಕಡೆ ಸೂರ್ಯ ಹೆಚ್ಚು ದುಡಿದರೆ ಆ ಅಂಕಿ ಇಳಿಯುತ್ತದೆ. ಅದು ಇಳಿದಷ್ಟೂ ನಗರದ ಇಂಗಾಲ ಕಡಿಮೆಯಾಯಿತು ಎಂದು ಲೆಕ್ಕ. ಅದಕ್ಕಾಗಿ ನಗರದ ಒಂದು ಮಾಲ್‌ನಲ್ಲಿ ಒಂದು ದೀಪವೂ ಆರಬೇಕಿಲ್ಲ. ಬೆಂಗಳೂರಿನ ಹೊರಸೂಸುವಿಕೆಯಲ್ಲಿ ಕಟ್ಟಡಗಳಿಗೆ ಬೇಕಾದ ಶಕ್ತಿಯ ಪಾಲೇ ದೊಡ್ಡದು. ಹಾಗಾಗಿ ನಗರದ ಪ್ರಗತಿಪತ್ರದ ಅತ್ಯುತ್ತಮ ಅಂಕಗಳನ್ನು ಬರೆಯುತ್ತಿರುವುದು ತಿರುಮಣಿಯಂಥ ಊರುಗಳು.

ಇದರಲ್ಲಿ ವಂಚನೆಯಿಲ್ಲ. ಕಲ್ಲಿದ್ದಲಿಗಿಂತ ಬಿಸಿಲು ಒಳ್ಳೆಯದೆಂಬ ಬಗ್ಗೆ ತಕರಾರೂ ಇಲ್ಲ. ತಕರಾರು ಇರುವುದು ಇಷ್ಟಕ್ಕೆ: ತಿರುಮಣಿಯಿಂದ ಇಂಗಾಲದ ಉಳಿತಾಯ ನಗರದ ಲೆಕ್ಕಕ್ಕೆ ದಾಟಿ ಬರುತ್ತದೆ, ಆ ಉಳಿತಾಯಕ್ಕಾಗಿ ಅಲ್ಲಿ ಹೋದ ಕೂಲಿ, ಹೋದ ಹುಲ್ಲು, ಹೋದ ಕುರಿ ದಾಟಿ ಬರುವುದಿಲ್ಲ. ಅವುಗಳಿಗೆ ಯಾವ ಬಾಬ್ತೂ ಇಲ್ಲ.

ಗುತ್ತಿಗೆಯ ಮಾದರಿಯ ಬಗ್ಗೆ ಮೊದಲು ಒಳ್ಳೆಯ ಮಾತನ್ನೇ ಹೇಳಬೇಕು. ಸರ್ಕಾರ ಇಲ್ಲಿ ಭೂಸ್ವಾಧೀನಕ್ಕೆ ಹೋಗಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ, 28 ವರ್ಷದ ಅವಧಿ, ಒಡೆತನ ರೈತನದೇ. ಇದು ಸಣ್ಣ ಸಂಗತಿಯಲ್ಲ. ಬೆಂಗಳೂರಿಗೆ ಬೆಳಕು ಕೊಟ್ಟ ಊರುಗಳ ಚರಿತ್ರೆ ನೋಡಿದರೆ ಇದರ ಬೆಲೆ ತಿಳಿಯುತ್ತದೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂತು. ಆಮೇಲೆ ಶರಾವತಿ. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಮನೆ ಬಿಟ್ಟು ಎದ್ದು ಹೋದವರ ಮಕ್ಕಳು ಮೊಮ್ಮಕ್ಕಳು ಅರವತ್ತು ವರ್ಷದ ನಂತರವೂ ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಶಿವಮೊಗ್ಗದ ಬೀದಿಗಳಲ್ಲಿ ಮೆರವಣಿಗೆ ಹೋಗುತ್ತಿದ್ದಾರೆ. ಇನ್ನೂ ಹತ್ತಿರದ ಉದಾಹರಣೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯದು. ಕೈಗಾರಿಕೆಗೆಂದು ಗುರುತಿಸಿದ್ದ 1,777 ಎಕರೆ ಉಳಿಸಿಕೊಳ್ಳಲು ಅಲ್ಲಿನ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು, 2025ರ ಜುಲೈಯಲ್ಲಿ ಸರ್ಕಾರ ಸ್ವಾಧೀನದಿಂದ ಹಿಂದೆ ಸರಿಯಿತು. ಇವರ ಪಕ್ಕದಲ್ಲಿ ನಿಲ್ಲಿಸಿದರೆ ತಿರುಮಣಿಯ ಜಮೀನುದಾರ ಅದೃಷ್ಟವಂತ. ಮಳೆ ಕೈಕೊಟ್ಟ ವರ್ಷ ಬಿತ್ತಿದ ಬೀಜದ ದುಡ್ಡೂ ಹುಟ್ಟದ ನೆಲಕ್ಕೆ 21,000 ಎಂದರೆ ಅದು ವರವೇ.

ಆದರೆ ಈ ವರ ಪಹಣಿಯ ಒಂಬತ್ತನೇ ಕಲಂ ನೋಡಿ ಸಿಗುತ್ತದೆ. ಓದುಗರಲ್ಲಿ ಜಮೀನಿನ ವ್ಯವಹಾರ ತಿಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಹಣಿಯಲ್ಲಿ ಒಂಬತ್ತನೇ ಕಲಂ ಸ್ವಾಧೀನದಾರನದು, ಹನ್ನೆರಡನೆಯದು ಸಾಗುವಳಿದಾರನದು. ಗುತ್ತಿಗೆ ಕರಾರಿಗೆ ಬೇಕಾದದ್ದು ಒಂಬತ್ತು. ಬಗರ್‌ಹುಕುಂ ಸಾಗುವಳಿ ಮಾಡಿಕೊಂಡು ಸಾಗುವಳಿ ಚೀಟಿಗಾಗಿ ಕಾಯುತ್ತಿದ್ದವನಿಗೆ ಆ ಕಲಂನಲ್ಲಿ ಜಾಗವಿಲ್ಲ. ಬೇರೆಯವರ ಹೊಲವನ್ನು ವಾರಕ್ಕೆ ಮಾಡುತ್ತಿದ್ದವನಿಗೂ ಇಲ್ಲ. ಕೂಲಿ ಮಾಡುವವರ ಹೆಸರಂತೂ ಯಾವ ಕಲಂನಲ್ಲೂ ಬರುವುದಿಲ್ಲ. ಕಡಲೆಕಾಯಿ ಹೊಲ ಎಂದರೆ ಬಿತ್ತುವುದು, ಕಳೆ ತೆಗೆಯುವುದು, ಗಿಡ ಕೀಳುವುದು, ಕಾಯಿ ಬಿಡಿಸುವುದು. ಇದರಲ್ಲಿ ಹೆಚ್ಚಿನದು ಹೆಂಗಸರ ಕೆಲಸ. ಬೆಳೆ ಸೋತ ವರ್ಷವೂ ಬಿತ್ತನೆಯ ಕೂಲಿಯಾದರೂ ಸಿಗುತ್ತಿತ್ತು, ಹೊಟ್ಟು ದನಕ್ಕೆ ಆಗುತ್ತಿತ್ತು. ಬೇಲಿ ಬಿದ್ದ ಮೇಲೆ ಅದೂ ನಿಂತಿತು. ಬೇಲಿ ಎಂದರೆ ಇಲ್ಲಿ ಹತ್ತಾರು ಕಿ.ಮೀ. ತಂತಿ. ಕುರಿ ಮೇಯುತ್ತಿದ್ದ ಬೀಳು ಅದರ ಒಳಗೆ, ಕುರಿ ಹೊರಗೆ. ಮೇಯಿಸಲು ಜಾಗವಿಲ್ಲದೆ ಮಂದೆಗಳನ್ನು ಮಾರಿದವರ ಕಥೆಯನ್ನು ಆ ಹಳ್ಳಿಗಳಿಗೆ ಹೋಗಿಬಂದ ವರದಿಗಾರರೂ ಸಂಶೋಧಕರೂ ಮತ್ತೆ ಮತ್ತೆ ಬರೆದಿದ್ದಾರೆ. ಭೂಮಿಯಿಲ್ಲದವರಲ್ಲಿ ದಲಿತರೇ ಹೆಚ್ಚು ಎಂಬುದನ್ನು ಕರ್ನಾಟಕದ ಹಳ್ಳಿ ಗೊತ್ತಿರುವವರಿಗೆ ಬೇರೆ ಹೇಳಬೇಕಿಲ್ಲ. ಉದ್ಯಾನ ಕೊಟ್ಟ ಕೆಲಸ ಫಲಕ ಒರೆಸುವುದು, ಹುಲ್ಲು ಕೊಯ್ಯುವುದು, ರಾತ್ರಿ ಕಾವಲು. ಅದೂ ಗುತ್ತಿಗೆದಾರನ ಮೂಲಕ. 13,000 ಎಕರೆಯ ಬೇಸಾಯ ಕೊಡುತ್ತಿದ್ದ ಕೂಲಿಯ ಜಾಗವನ್ನು ಅದು ತುಂಬಲಾರದು. ಸೌರ ಸ್ಥಾವರದ ಗುಣವೇ ಕಟ್ಟುವಾಗ ಬಹಳ ಕೈ, ಕಟ್ಟಿದ ಮೇಲೆ ಕೆಲವೇ ಕೈ.

ಜಮೀನು ಇದ್ದವರಲ್ಲೂ ಎಲ್ಲರೂ ಒಂದೇ ಅಲ್ಲ. ನಲವತ್ತು ಎಕರೆ ಕೊಟ್ಟವನಿಗೆ ವರ್ಷಕ್ಕೆ 8,40,000. ಅವನು ಪಾವಗಡದಲ್ಲೋ ತುಮಕೂರಿನಲ್ಲೋ ಮನೆ ಕಟ್ಟಿದ. ಎರಡು ಎಕರೆಯವನಿಗೆ 42,000, ತಿಂಗಳಿಗೆ 3,500. ಅವನು ಈಗ ರೈತನೂ ಅಲ್ಲ, ಅಷ್ಟರಲ್ಲಿ ಬದುಕುವ ಬಾಡಿಗೆದಾರನೂ ಅಲ್ಲ. ಇನ್ನು ಏರಿಕೆಯ ವಿಷಯ. ಎರಡು ವರ್ಷಕ್ಕೆ ಶೇ. 5 ಎಂದರೆ ಹದಿಮೂರು ಏರಿಕೆಗಳ ನಂತರ ಗುತ್ತಿಗೆಯ ಕೊನೆಗೆ ಎಕರೆಗೆ 40,000ಕ್ಕೆ ಸ್ವಲ್ಪ ಕಡಿಮೆ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ 28 ವರ್ಷದಲ್ಲಿ ಸುಮಾರು ನಾಲ್ಕು ಪಟ್ಟಾಗುತ್ತವೆ. ಬಾಡಿಗೆ ಎರಡು ಪಟ್ಟೂ ಆಗದು. ಅಂದರೆ ಮೊದಲ ವರ್ಷ ಕೈಗೆ ಬಂದ 21,000 ಕೊನೆಯ ವರ್ಷ 10,000ದ ತೂಕಕ್ಕೆ ಇಳಿದಿರುತ್ತದೆ. ಕಾಗದದಲ್ಲಿ ಏರುತ್ತ, ಸಂತೆಯಲ್ಲಿ ಇಳಿಯುವ ಬಾಡಿಗೆ ಇದು.

ಇನ್ನೊಂದು ಲೆಕ್ಕ ಪೆನ್ಸಿಲ್ ಹಿಡಿದು ಯಾರಾದರೂ ಮಾಡಬಹುದು. 2,000 ಮೆಗಾವಾಟ್‌ಗೆ 13,000 ಎಕರೆ, ಅಂದರೆ ಮೆಗಾವಾಟಿಗೆ ಆರೂವರೆ ಎಕರೆ. ನಮ್ಮ ಬಿಸಿಲಿನಲ್ಲಿ ಒಂದು ಮೆಗಾವಾಟ್ ವರ್ಷಕ್ಕೆ 16 ಲಕ್ಷ ಯೂನಿಟ್ ಕೊಡುತ್ತದೆ ಎಂದು ಕೈಬಿಗಿ ಹಿಡಿದೇ ಹೇಳೋಣ. ಎಕರೆಗೆ ಸುಮಾರು ಎರಡೂವರೆ ಲಕ್ಷ ಯೂನಿಟ್. ಯೂನಿಟ್ಟಿಗೆ 3 ರೂಪಾಯಿ ಹಿಡಿದರೂ ಏಳು ಲಕ್ಷದ ಮೇಲೆ. 2016ರಲ್ಲಿ ಮೊದಲ ಹಂತದ ಟೆಂಡರ್ ಆದಾಗಿನ ದರ ಇದಕ್ಕಿಂತ ಬಹಳ ಹೆಚ್ಚಿತ್ತು. ಕಂಪನಿಗೆ ಸಾಲವಿದೆ, ಫಲಕದ ಖರ್ಚಿದೆ, ಅದೆಲ್ಲ ಒಪ್ಪೋಣ. ಆದರೂ ನೂರು ರೂಪಾಯಿ ವಹಿವಾಟಿನಲ್ಲಿ ಭೂಮಿಯ ಪಾಲು ಮೂರು ರೂಪಾಯಿಗೆ ಮುಟ್ಟುವುದಿಲ್ಲ. ಯೂನಿಟ್ ಲೆಕ್ಕದಲ್ಲಿ ಎಂಟೂವರೆ ಪೈಸೆ. ಬೆಂಗಳೂರಿನ ವಿದ್ಯುತ್ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಯಾವ ಬಾಬ್ತಾದರೂ ಇದಕ್ಕಿಂತ ದೊಡ್ಡದಿರುತ್ತದೆ.

ಇದೆಲ್ಲ ಸಾಧ್ಯವಾದದ್ದು ಒಂದು ಪದದ ಬಲದಿಂದ: 'ಬಂಜರು'. ಈ ಸೀಮೆಯನ್ನು ಅಧಿಕಾರಿಗಳೂ ಕಂಪನಿಗಳೂ ಪತ್ರಿಕೆಗಳೂ ಈ ಪದದಿಂದಲೇ ಕರೆದವು. ಆದರೆ ಊರುಗಳ ಹೆಸರು ಕೇಳಿ. ಕ್ಯಾತಗಾನಚೆರ್ಲು, ರಾಯಚೆರ್ಲುಗಳಲ್ಲಿ ತೆಲುಗಿನ ಚೆರುವು, ಅಂದರೆ ಕೆರೆ, ಕೇಳಿಸುತ್ತದೆ. ಬಳಸಮುದ್ರದಲ್ಲಿ ಸಮುದ್ರವೇ ಇದೆ, ಹಿಂದಿನವರು ಕೆರೆ ಕಟ್ಟಿದ ಊರಿಗೆ ಪ್ರೀತಿಯಿಂದ ಇಡುತ್ತಿದ್ದ ಹೆಸರು. ಕೆರೆಯ ಹೆಸರಿನ ಊರುಗಳನ್ನು ಬಂಜರು ಎಂದು ಕರೆಯುವ ಮೊದಲು ಆ ಕೆರೆಗಳಿಗೆ ಏನಾಯಿತು ಎಂದು ಕೇಳಬೇಕಿತ್ತು. ಕೇಳಲಿಲ್ಲ, ಕೇಳಿದ್ದರೆ ಉತ್ತರ ಫಲಕವಾಗದೆ ಹೂಳು ಎತ್ತುವ ಕೆಲಸವಾಗುತ್ತಿತ್ತು. ಕುರಿ ಮೇಯುವ ನೆಲ ಕುರಿಯವನಿಗೆ ಬಂಜರಲ್ಲ. ಉದ್ಯಾನಕ್ಕೆ ಇಟ್ಟ ಹೆಸರು 'ಶಕ್ತಿಸ್ಥಳ'. ದೆಹಲಿಯಲ್ಲಿ ಇಂದಿರಾ ಗಾಂಧಿಯವರ ಸಮಾಧಿಗೂ ಅದೇ ಹೆಸರು. ಹೆಸರಿಟ್ಟವರಿಗೆ ಅದು ಹೊಳೆದಿತ್ತೋ ಇಲ್ಲವೋ!

ನೀರಿನ ಮಾತನ್ನೂ ಬಿಡುವಂತಿಲ್ಲ. ಫಲಕದ ಮೇಲೆ ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ, ತೊಳೆಯಬೇಕು, ತೊಳೆಯಲು ನೀರು ಬೇಕು. ಕುಡಿಯುವ ನೀರಿಗೆ ಪಾವಗಡ ದಶಕಗಳ ಕಾಲ ಕಾದಿತು. ತುಂಗಭದ್ರೆಯ ಹಿನ್ನೀರಿನ ಯೋಜನೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಬೆಂಗಳೂರಿಗೆ 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿ ಬತ್ತಿದಾಗ ದೇಶವೇ ಬೆಚ್ಚಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಚಾಲೂ ಆಯಿತು. ನಗರ ತಾನು ಬಳಸಿದ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತಿದೆ. ಅಲ್ಲಿ ಅಂತರ್ಜಲ ಏರಿದೆ ಎಂಬ ಸಂತೋಷವೂ, ನೀರು ಸಾಕಷ್ಟು ಶುದ್ಧವಲ್ಲ ಎಂಬ ಆತಂಕವೂ ಒಟ್ಟಿಗೇ ಇವೆ. ನಗರದ ಕಸ ಹೊತ್ತು ಬೇಸತ್ತ ಮಂಡೂರಿನ ಜನ 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತ ಮೇಲೆ ಆ ಊರಿಗೆ ಕಸ ಹೋಗುವುದು ನಿಂತು, ಬೇರೆ ಊರುಗಳ ಕಡೆ ತಿರುಗಿತು. ವಿದ್ಯುತ್ತು, ನೀರು, ಕಸ ಮೂರರಲ್ಲೂ ನಗರದ ಗಡಿಯ ಹೊರಗೆ ಒಂದು ಊರಿದೆ.

ಹಾಗಾದರೆ ಬೆಂಗಳೂರಿನ ಒಳಗೆ ಬಿಸಿಲಿಲ್ಲವೇ? ತಾರಸಿಗಳಿಲ್ಲವೇ? ಸೋಲಾರ್ ಹೀಟರ್‌ನಲ್ಲಿ ಈ ನಗರ ದೇಶಕ್ಕೇ ಮೇಲ್ಪಂಕ್ತಿ, ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದರೆ ಹೀಟರ್ ಇರಲೇಬೇಕೆಂದು ನಿಯಮ ಮಾಡಿದ್ದರಿಂದ ಅದು ಆಯಿತು. ವಿದ್ಯುತ್ ಉತ್ಪಾದಿಸುವ ಫಲಕದ ವಿಷಯದಲ್ಲಿ ಅಂಥ ಕಟ್ಟುನಿಟ್ಟು ಕಾಣಲಿಲ್ಲ. 2013ರಲ್ಲಿ ತಾರಸಿಯ ವಿದ್ಯುತ್ತಿಗೆ ಯೂನಿಟ್ಟಿಗೆ 9.56 ರೂ. ನಿಗದಿಯಾದಾಗ ಉತ್ಸಾಹವಿತ್ತು, ದರ ಇಳಿಸುತ್ತ ಬಂದಂತೆ ಅದೂ ಇಳಿಯಿತು. 2023ರ ಗೃಹಜ್ಯೋತಿ ಬಡಮನೆಗಳಿಗೆ ದೊಡ್ಡ ಆಸರೆ, ಅದನ್ನು ಆಡಿಕೊಳ್ಳುವವರ ಸಾಲಿಗೆ ನಾನಿಲ್ಲ. ಆದರೆ ಗಾಜಿನ ಗೋಡೆಯ ಕಚೇರಿಗಳಿಗೆ, ಮಾಲ್‌ಗಳಿಗೆ ಉಚಿತವೇನೂ ಇಲ್ಲವಲ್ಲ. ಅವುಗಳ ತಲೆಯ ಮೇಲಿನ ಬಿಸಿಲು ಖಾಲಿ ಬಿದ್ದಿರುವಾಗ ಪಾವಗಡದ ಹೊಲ ಅಗ್ಗ ಎಂಬ ಕಾರಣಕ್ಕೆ ನಾವು ಅಲ್ಲಿಗೆ ಹೋಗುತ್ತೇವೆ. ಅಗ್ಗ ಯಾಕೆ ಎಂದರೆ ಅಲ್ಲಿನ ಬಡತನ ಅಗ್ಗ. ವಿಚಿತ್ರವೆಂದರೆ ತಿರುಮಣಿಗೂ ಕೋರಮಂಗಲಕ್ಕೂ ವಿದ್ಯುತ್ ಹಂಚುವುದು ಒಂದೇ ಬೆಸ್ಕಾಂ. ಒಂದೇ ಕಂಪನಿಯ ಇಬ್ಬರು ಗ್ರಾಹಕರ ನಡುವೆ ಇಷ್ಟು ದೂರವಿದೆ.

ಸರಿಪಡಿಸುವುದು ಅಸಾಧ್ಯವೇನಲ್ಲ. ಮೇಲಿನ ಲೆಕ್ಕದಂತೆ ಉದ್ಯಾನದಿಂದ ವರ್ಷಕ್ಕೆ 320 ಕೋಟಿ ಯೂನಿಟ್ ಹೊರಡುತ್ತದೆ. ಯೂನಿಟ್ಟಿಗೆ ಐದು ಪೈಸೆ ಎತ್ತಿಟ್ಟರೆ 16 ಕೋಟಿ ರೂಪಾಯಿ. ಅದು ಶಾಲೆಗೆ ಬಣ್ಣ, ಬಸ್ ನಿಲ್ದಾಣಕ್ಕೆ ಕಂಪನಿಯ ಫಲಕ ಎಂದು ಖರ್ಚಾಗದೆ ಐದು ಹಳ್ಳಿಗಳ ಭೂಹೀನ ಕುಟುಂಬಗಳ, ಮೊದಲು ಹೆಂಗಸರ, ಖಾತೆಗೆ ಹೋಗಬೇಕು. ಭೂಮಿ ಇದ್ದವನಿಗೆ ಬಾಡಿಗೆ ನ್ಯಾಯವಾದರೆ ಆ ಭೂಮಿಯಲ್ಲಿ ದುಡಿದವಳಿಗೆ ಇದು ದಾನವಾಗುವುದಿಲ್ಲ. ಇನ್ನು ಕುರಿ. ಫಲಕದ ಕೆಳಗೆ ಹುಲ್ಲು ಬೆಳೆಯುತ್ತದೆ, ಅದನ್ನು ಕೊಯ್ಯಲು ಕಂಪನಿಗಳು ಕೂಲಿ ಕೊಡುತ್ತವೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಸೌರ ಸ್ಥಾವರದವರು ಕುರಿಗಾರರನ್ನು ಕರೆದು ದುಡ್ಡು ಕೊಟ್ಟು ಮೇಯಿಸುತ್ತಾರೆ. ಕುರಿಸಾಕಣೆಗೆ ಹೆಸರಾದ ಪಾವಗಡ-ಶಿರಾ ಸೀಮೆಯಲ್ಲಿ ಹುಲ್ಲು ಕೊಯ್ಯಲು ಯಂತ್ರ ಹಿಡಿದ ಕೂಲಿಯಾಳು ಒಳಗೆ, ಕುರಿ ಮಾರಿದ ಕುರಿಗಾಹಿ ಹೊರಗೆ.

2023ರಿಂದ ಉದ್ಯಾನವನ್ನು ಇನ್ನಷ್ಟು ಸಾವಿರ ಎಕರೆಗೆ ವಿಸ್ತರಿಸುವ ಮಾತನ್ನು ಸರ್ಕಾರ ಆಡುತ್ತಿದೆ. ಮೊದಲ ಹಂತದ ಬಾಡಿಗೆ ನೋಡಿದ ಸುತ್ತಲಿನ ಊರುಗಳ ಜಮೀನುದಾರರಲ್ಲಿ ಅದಕ್ಕೆ ಒಪ್ಪುವವರು ಸಿಕ್ಕೇ ಸಿಗುತ್ತಾರೆ. ಕರಾರು ಮತ್ತೆ ಒಂಬತ್ತನೇ ಕಲಂ ನೋಡಿಯೇ ಆಗುತ್ತದೋ, ಅಥವಾ ಸಹಿಗೆ ಮುಂಚೆ ಗ್ರಾಮಸಭೆ ಕರೆದು ಆ ನೆಲದಲ್ಲಿ ಯಾರು ಯಾರು ಕೂಲಿ ಮಾಡುತ್ತಾರೆ, ಯಾರ ಮಂದೆ ಎಲ್ಲಿ ಮೇಯುತ್ತದೆ ಎಂದು ಬರೆದುಕೊಳ್ಳುತ್ತಾರೋ? ಇದು ವಿಧಾನಸೌಧದ ಇಂಧನ ಇಲಾಖೆಗೆ ಮಾತ್ರ ಕೇಳುವ ಪ್ರಶ್ನೆಯಲ್ಲ. ಬೆಂಗಳೂರಿನ ಐದು ಹೊಸ ಪಾಲಿಕೆಗಳು ಮುಂದೆ ತಮ್ಮ ಇಂಗಾಲದ ಲೆಕ್ಕ ಬರೆಯಲು ಕೂತಾಗ ಆ ಪುಸ್ತಕದಲ್ಲಿ ತಿರುಮಣಿಯ ಹೆಸರಿಗೆ ಒಂದು ಪುಟ ಇರಬೇಕು.